ಡೊಮೈನ್ ಲಾಕ್ ತೆಗೆಯೋಕೆ ದುಡ್ಡು ಕೇಳ್ತಿದ್ದಾರೆ, ಬೇರೆ ರಿಜಿಸ್ಟ್ರಾರ್‌ಗೆ ಹೋಗೋದು ಹೇಗೆ?

ಕಾಫಿತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಹತ್ತಿರ ಕಾಫಿ ಪುಡಿಯ ಸಣ್ಣ ವ್ಯಾಪಾರ. ಒಂದು ಡಾಟ್ ಕಾಮ್ ಹೆಸರು, ಅಂದರೆ ಡೊಮೈನ್, ಇದೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗರೇ ಅದನ್ನೂ ಕೊಂಡುಕೊಟ್ಟಿದ್ದರು. ಪ್ರತಿ ವರ್ಷ ಅವರಿಗೆ ದುಡ್ಡು ಕಳಿಸುತ್ತೇವೆ, ಅವರೇ ರಿನ್ಯೂ ಮಾಡುತ್ತಾರೆ. ಈ ಸಲ ಬಿಲ್ ನೋಡಿದರೆ ಹೋದ ವರ್ಷದ ಎರಡರಷ್ಟು. ಯಾಕೆ ಅಂದರೆ "ರೇಟ್ ಜಾಸ್ತಿ ಆಗಿದೆ ಮೇಡಂ" ಅಂದರು, ಅಷ್ಟೆ.

ಸರಿ ಅಂತ ಬೇರೆ ಒಂದು ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿ ಕೊಡುವ ಕಂಪನಿ) ಹತ್ತಿರ ಖಾತೆ ತೆರೆದು ಟ್ರಾನ್ಸ್‌ಫರ್‌ಗೆ ಹಾಕಿದೆ. "ಡೊಮೈನ್ ಲಾಕ್ ಆಗಿದೆ, ಮೊದಲು ಅನ್‌ಲಾಕ್ ಮಾಡಿಸಿ" ಅಂತ ಬಂತು. ಅದೇನೋ ಕೋಡ್ ಕೂಡ ಬೇಕಂತೆ. ಹುಡುಗರಿಗೆ ಫೋನ್ ಮಾಡಿದರೆ ಲಾಕ್ ತೆಗೆಯೋಕೆ "ರಿಲೀಸ್ ಚಾರ್ಜ್" ಕೊಡಿ ಅನ್ನುತ್ತಿದ್ದಾರೆ. ಮುಂದಿನ ವರ್ಷದ ಹೋಸ್ಟಿಂಗ್ ದುಡ್ಡನ್ನೂ (ಸೈಟ್ ಇಡುವ ಜಾಗದ ಬಾಡಿಗೆ) ಕಟ್ಟಬೇಕಂತೆ. ಇದು ಸರೀನಾ? ನನಗೆ ಕಾಫಿ ಗೊತ್ತು, ಕಂಪ್ಯೂಟರ್ ಅಷ್ಟಕ್ಕಷ್ಟೆ. ಸ್ವಲ್ಪ ಬಿಡಿಸಿ ಹೇಳಿ.

ಬನಶಂಕರಿ_ಬಸ್‌ಸ್ಟಾಪ್

ಎಲ್ಲಾ ಒಂದೇ ಆಟ ಮೇಡಂ. ಲಾಕ್ ಇರೋದೇ ಗಿರಾಕಿ ಓಡಿಹೋಗದಂತೆ ಹಿಡಿದಿಡೋಕೆ. ಮೊದಲನೇ ವರ್ಷ ನೂರು ಚಿಲ್ಲರೆಗೆ ಕೊಡುತ್ತಾರೆ, ಎರಡನೇ ವರ್ಷ ಸಾವಿರ ದಾಟಿಸುತ್ತಾರೆ, ಅದರ ಮೇಲೆ 18% ಜಿಎಸ್‌ಟಿ. ಹೊರಡುತ್ತೀನಿ ಅಂದರೆ ಬೀಗ.

ಸರ್ವರ್_ಹುಬ್ಬಳ್ಳಿ

@ಕಾಫಿತೋಟ, ಮೊದಲು ಗಾಬರಿ ಬಿಡಿ. ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಆ ಹುಡುಗರು ರಿಜಿಸ್ಟ್ರಾರ್ ಅಲ್ಲ. ಬಹುಶಃ ಯಾವುದೋ ರಿಜಿಸ್ಟ್ರಾರ್‌ನ ರೀಸೆಲ್ಲರ್. ನಮ್ಮಲ್ಲಿ ವೆಬ್ ಡಿಸೈನ್ ಮಾಡುವವರಲ್ಲಿ ಸುಮಾರು ಜನ ಹೀಗೇ. ತಮ್ಮ ಹೆಸರಿನ ಬೋರ್ಡ್ ಹಾಕಿಕೊಂಡಿರುತ್ತಾರೆ, ಹಿಂದೆ ಸರಕು ಬೇರೆಯವರದ್ದು. ಲಾಕ್ ಹಾಕಿರುವುದು, ತೆಗೆಯಬೇಕಾದದ್ದು ಹಿಂದಿರುವ ರಿಜಿಸ್ಟ್ರಾರ್.

ಅದು ಯಾರು ಅಂತ ಗೊತ್ತಾಗಬೇಕು ಅಂದರೆ ಐಕ್ಯಾನ್ (ಜಗತ್ತಿನ ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ಅವರ ಲುಕಪ್ ಪುಟಕ್ಕೆ ಹೋಗಿ ನಿಮ್ಮ ಡೊಮೈನ್ ಹಾಕಿ. ಮೊದಲು ಇದನ್ನು ಹೂಈಸ್ ಅನ್ನುತ್ತಿದ್ದೆವು. 2025ರ ಜನವರಿಯಿಂದ ಡಾಟ್ ಕಾಮ್ ಥರದ ಹೆಸರುಗಳಿಗೆ ಅದರ ಜಾಗದಲ್ಲಿ ಆರ್‌ಡ್ಯಾಪ್ ಬಂದಿದೆ, ನೋಡುವವರಿಗೆ ಏನೂ ವ್ಯತ್ಯಾಸ ಇಲ್ಲ. ಅಲ್ಲಿ ರಿಜಿಸ್ಟ್ರಾರ್ ಹೆಸರು, ಅವರ ಮೇಲ್, ಫೋನ್, ಅವಧಿ ಮುಗಿಯುವ ದಿನ, ಮತ್ತೆ "ಸ್ಟೇಟಸ್" ಅಂತ ಒಂದೆರಡು ಸಾಲು ಕಾಣುತ್ತದೆ. ಆ ಸ್ಟೇಟಸ್ ಸಾಲುಗಳನ್ನು ಇಲ್ಲಿ ಹಾಕಿ.

ಕಾಫಿತೋಟ

ಸಿಕ್ಕಿತು ಸರ್. ರಿಜಿಸ್ಟ್ರಾರ್ ಹೆಸರು ನಾನು ಇಲ್ಲಿಯವರೆಗೆ ಕೇಳಿಯೇ ಇರದ ಯಾವುದೋ ಕಂಪನಿ. ಸ್ಟೇಟಸ್ ಒಂದೇ ಸಾಲು: "ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್". ಮಾಲೀಕರ ಹೆಸರಿನ ಜಾಗದಲ್ಲಿ ಏನೂ ಇಲ್ಲ, ಮರೆಮಾಡಲಾಗಿದೆ ಅಂತಿದೆ.

ಸರ್ವರ್_ಹುಬ್ಬಳ್ಳಿ

ಒಳ್ಳೆಯದಾಯಿತು. ಇದು ಮಾಮೂಲಿ ಲಾಕ್. "ಕ್ಲೈಂಟ್" ಅಂತ ಶುರುವಾದರೆ ರಿಜಿಸ್ಟ್ರಾರ್ ಹಾಕಿದ್ದು. ಅವರ ಪ್ಯಾನೆಲ್‌ನಲ್ಲಿ ಒಂದು ಬಟನ್ ಒತ್ತಿದರೆ ಹೋಗುತ್ತದೆ. "ಸರ್ವರ್" ಅಂತ ಶುರುವಾಗಿದ್ದರೆ ಮೇಲಿನ ರಿಜಿಸ್ಟ್ರಿ, ಅಂದರೆ ಆ ಹೆಸರುಗಳ ಮೂಲ ಪಟ್ಟಿ ನಡೆಸುವವರೇ ಹಾಕಿದ್ದು. ಡಾಟ್ ಕಾಮ್‌ಗೆ ಅದು ವೆರಿಸೈನ್. ಅದನ್ನು ರಿಜಿಸ್ಟ್ರಾರ್ ತಾನಾಗಿ ತೆಗೆಯೋಕೆ ಆಗಲ್ಲ. ಕೋರ್ಟ್ ವ್ಯಾಜ್ಯ ಇದ್ದಾಗ ಅದು ಬೀಳಬಹುದು, ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದೂ ಉಂಟು. ಗೂಗಲ್ ಡಾಟ್ ಕಾಮ್ ಹಾಕಿ ನೋಡಿ, ಕ್ಲೈಂಟ್ ಮೂರು, ಸರ್ವರ್ ಮೂರು, ಒಟ್ಟು ಆರು ಸಾಲು ಸಿಗುತ್ತದೆ.

ಈಗ ದುಡ್ಡಿನ ವಿಷಯ. ಐಕ್ಯಾನ್‌ನ ಟ್ರಾನ್ಸ್‌ಫರ್ ನಿಯಮ ಇದೆ. ರಿಜಿಸ್ಟ್ರಾರ್ ಯಾವ ಕಾರಣಕ್ಕೆ ತಡೆಯಬಹುದು, ಯಾವುದಕ್ಕೆ ತಡೆಯಬಾರದು ಅಂತ ಅದರಲ್ಲೇ ಬರೆದಿದೆ. ಮೋಸದ ಸುಳಿವು ಇದ್ದರೆ, ಕೋರ್ಟ್ ಆದೇಶ ಇದ್ದರೆ, ಹಿಂದಿನ ಅವಧಿಯ ದುಡ್ಡೇ ಕಟ್ಟದಿದ್ದರೆ ತಡೆಯಬಹುದು. ಆದರೆ ಮುಂದಿನ ಅವಧಿಯ ದುಡ್ಡು ಕಟ್ಟಿಲ್ಲ ಅಂತ ತಡೆಯುವ ಹಾಗಿಲ್ಲ. ನೀವು ದುಡ್ಡು ಕೊಟ್ಟಿದ್ದೀರಿ, ನಡುವಿನ ರೀಸೆಲ್ಲರ್ ಮತ್ತು ರಿಜಿಸ್ಟ್ರಾರ್ ನಡುವೆ ಲೆಕ್ಕ ಬಾಕಿ ಇದೆ, ಅದಕ್ಕೂ ತಡೆಯುವ ಹಾಗಿಲ್ಲ. ಲಾಕ್ ಇದೆ ಅನ್ನುವುದೊಂದೇ ನೆಪವೂ ಸಾಲದು, ಅದನ್ನು ತೆಗೆಯೋಕೆ ನಿಮಗೆ ದಾರಿ ಕೊಟ್ಟಿರಬೇಕು. ನೀವೇ ತೆಗೆಯುವ ಬಟನ್ ಇಲ್ಲದಿದ್ದರೆ ನೀವು ಕೇಳಿದ 5 ದಿನದೊಳಗೆ ಅವರು ತೆಗೆಯಬೇಕು. ಕೋಡಿಗೂ ಅದೇ 5 ದಿನ.

ಹೋಸ್ಟಿಂಗ್ ಬಾಕಿ ಅನ್ನುವುದು ನಿಮಗೂ ಆ ಹುಡುಗರಿಗೂ ಇರುವ ವ್ಯವಹಾರ. ಕೊಡಬೇಕಾದ್ದಿದ್ದರೆ ಕೊಡಿ. ಡೊಮೈನ್‌ಗೆ ಅದನ್ನು ಗಂಟು ಹಾಕುವುದು ಸರಿಯಲ್ಲ.

ಬನಶಂಕರಿ_ಬಸ್‌ಸ್ಟಾಪ್

ನಿಯಮ ಎಲ್ಲ ಸರಿ ಗುರುಗಳೇ. ಆದರೆ ಮಾಲೀಕರು ಯಾರು? ಆ ಹುಡುಗರು ತಮ್ಮ ಹೆಸರಲ್ಲೇ ತಗೊಂಡಿದ್ದರೆ? ಆಗ ಮೇಡಂಗೆ ಕೇಳುವ ಹಕ್ಕೇ ಇರಲ್ಲ ಅಲ್ವಾ?

ಸರ್ವರ್_ಹುಬ್ಬಳ್ಳಿ

ಸರಿಯಾಗಿ ಹಿಡಿದಿರಿ. ನಿಜವಾದ ಪ್ರಶ್ನೆ ಅದೇ. ಲಾಕ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ನೋಂದಣಿಯಲ್ಲಿ ಯಾರ ಹೆಸರು, ಯಾರ ಮೇಲ್ ಐಡಿ ಇದೆ ಅಂತ ಯಾರೂ ನೋಡಲ್ಲ. ಲಾಕ್ ಐದು ನಿಮಿಷದ ಕೆಲಸ. ಹೆಸರು ಬೇರೆಯವರದ್ದಿದ್ದರೆ ತಿಂಗಳುಗಟ್ಟಲೆ ಅಲೆಯಬೇಕು.

@ಕಾಫಿತೋಟ, ನಿಮ್ಮ ಮೇಲ್ ಬಾಕ್ಸ್‌ನಲ್ಲಿ ಆ ರಿಜಿಸ್ಟ್ರಾರ್ ಹೆಸರು ಹಾಕಿ ಹುಡುಕಿ. ವರ್ಷಕ್ಕೊಮ್ಮೆ "ನಿಮ್ಮ ಡೊಮೈನ್ ವಿವರ ಸರಿ ಇದೆಯಾ ನೋಡಿಕೊಳ್ಳಿ" ಅಂತ ಮಾಲೀಕರ ಮೇಲ್‌ಗೆ ನೆನಪೋಲೆ ಕಳಿಸಲೇಬೇಕು ಅಂತ ನಿಯಮ ಇದೆ. ಎಲ್ಲರೂ ಅದನ್ನು ಜಾಹೀರಾತು ಅಂದುಕೊಂಡು ಅಳಿಸಿಬಿಡುತ್ತಾರೆ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ.

ಕಾಫಿತೋಟ

ಅಯ್ಯೋ, ಇದೆ ಸರ್! ಪ್ರಮೋಷನ್ಸ್ ಟ್ಯಾಬ್‌ನಲ್ಲಿ ಬಿದ್ದಿತ್ತು. ಹೋದ ವರ್ಷದ್ದೂ ಇದೆ, ಅದರ ಹಿಂದಿನದ್ದೂ ಇದೆ. ಡೊಮೈನ್ ಹೆಸರು, ಮಾಲೀಕರ ಜಾಗದಲ್ಲಿ ನನ್ನ ಹೆಸರು, ನನ್ನ ಜಿಮೇಲ್, ಅಂಗಡಿ ವಿಳಾಸ. ಪಿನ್ ಕೋಡ್ ಮಾತ್ರ ತಪ್ಪಿದೆ.

ಸರ್ವರ್_ಹುಬ್ಬಳ್ಳಿ

ಹಾಗಾದರೆ ಮುಕ್ಕಾಲು ಕೆಲಸ ಮುಗಿಯಿತು. ಆ ಮೇಲ್, ಹಳೆಯ ಬಿಲ್‌ಗಳು ಇಟ್ಟುಕೊಂಡು ನೇರವಾಗಿ ರಿಜಿಸ್ಟ್ರಾರ್‌ನ ಸಪೋರ್ಟ್‌ಗೆ ಬರೆಯಿರಿ. ಅದೇ ಜಿಮೇಲ್‌ನಿಂದ ಬರೆಯಿರಿ, ಬೇರೆಯದರಿಂದ ಬೇಡ. "ನಾನು ನೋಂದಾಯಿತ ಮಾಲೀಕಳು, ಲಾಕ್ ತೆಗೆಯಿರಿ, ಕೋಡ್ ಕೊಡಿ" ಅಂತ ಎರಡೇ ಸಾಲು. ಜಗಳ ಗಿಗಳ ಬರೆಯಬೇಡಿ, ಅವರಿಗೆ ಬೇಕಿಲ್ಲ.

ಇನ್ನೊಂದು. ಪಿನ್ ಕೋಡ್ ತಪ್ಪಿದೆ ಅಂತ ಈಗಲೇ ತಿದ್ದೋಕೆ ಹೋಗಬೇಡಿ. ವಿಳಾಸಕ್ಕೆ ತೊಂದರೆ ಇಲ್ಲ, ಆದರೆ ಅದರ ಜೊತೆ ಹೆಸರನ್ನೋ ಸಂಸ್ಥೆಯ ಹೆಸರನ್ನೋ ಮೇಲ್ ಐಡಿಯನ್ನೋ ಮುಟ್ಟಿದಿರೋ, ಅದು "ಮಾಲೀಕರ ಬದಲಾವಣೆ" ಅಂತ ಲೆಕ್ಕವಾಗುತ್ತದೆ. 2016ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಹಾಗಾದರೆ 60 ದಿನ ಟ್ರಾನ್ಸ್‌ಫರ್ ಬಂದ್. ಮೊದಲು ಆಚೆ ಹೋಗಿ, ಆಮೇಲೆ ಅಲ್ಲಿ ತಿದ್ದಿಕೊಳ್ಳಿ.

ಪುತ್ತೂರು_ಪೋಡಿ

ಈ ಲಾಕ್, ಕೋಡ್ ಎರಡೂ ಯಾಕೆ ಬೇಕು ಮಾರಾಯ್ರೆ? ಒಂದು ಸಾಲದಾ?

ಡಲ್ಲಾಸ್_ದೋಸೆ

ಮೊಬೈಲ್ ನಂಬರ್ ಪೋರ್ಟ್ ಮಾಡುವುದು ಗೊತ್ತಲ್ಲ, 1900ಕ್ಕೆ ಪೋರ್ಟ್ ಅಂತ ಎಸ್ಎಂಎಸ್ ಕಳಿಸಿದರೆ ಯುಪಿಸಿ ಅನ್ನುವ ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡುತ್ತೀರಿ. ಡೊಮೈನ್ ಕೋಡ್ ಕೂಡ ಅದೇ ಥರ. ಇಪಿಪಿ ಕೋಡ್, ಆಥ್ ಕೋಡ್, ಹೆಸರು ನಾನಾ ಥರ, ವಸ್ತು ಒಂದೇ. ಅದು ಯಾರ ಕೈಯಲ್ಲಿದೆಯೋ ಅವರೇ ಒಡೆಯರು ಅಂತ ಹೊಸ ರಿಜಿಸ್ಟ್ರಾರ್ ನಂಬುತ್ತಾರೆ. ಲಾಕ್ ಅದಕ್ಕಿಂತ ಮುಂಚಿನ ತಡೆ. ಲಾಕ್ ಇದ್ದರೆ ಕೋಡ್ ಸರಿಯಿದ್ದರೂ ರಿಜಿಸ್ಟ್ರಿ ಅರ್ಜಿಯನ್ನೇ ತಗೊಳಲ್ಲ.

ಹಾಗಾಗಿ ಕೋಡನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ ದಯವಿಟ್ಟು. ನಗಬೇಡಿ, ಹಾಕುವವರಿದ್ದಾರೆ.

ಬನಶಂಕರಿ_ಬಸ್‌ಸ್ಟಾಪ್

ನಾನು ಆಗಲೇ ಹೇಳಿದ್ದನ್ನೇ ಹೇಳುತ್ತೇನೆ. ಕೋಡ್ ಇದ್ದ ಮೇಲೆ ಲಾಕ್ ದಂಡ. ನಾವು ಕೇಳದೆಯೇ ಯಾಕೆ ಹಾಕುತ್ತಾರೆ? ನಮ್ಮ ಹೆಸರು, ನಮ್ಮ ದುಡ್ಡು.

ಡಲ್ಲಾಸ್_ದೋಸೆ

ಅದಕ್ಕೊಂದು ಕಥೆ ಇದೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

2004ರ ನವೆಂಬರ್ 12ರವರೆಗೆ ಪದ್ಧತಿ ಬೇರೆ ಇತ್ತು. ಟ್ರಾನ್ಸ್‌ಫರ್ ಅರ್ಜಿ ಬಂದರೆ ಹಳೆಯ ರಿಜಿಸ್ಟ್ರಾರ್ ಮಾಲೀಕರಿಗೆ ಮೇಲ್ ಕಳಿಸುತ್ತಿದ್ದ, ಉತ್ತರ ಬರದಿದ್ದರೆ ಸುಮಾರು ಕಡೆ ಅರ್ಜಿ ತಿರಸ್ಕಾರ. ಆ ಮೇಲ್ ಯಾರೂ ನೋಡುತ್ತಿರಲಿಲ್ಲ, ಹಾಗಾಗಿ ಬಿಟ್ಟು ಹೋಗಬೇಕು ಅಂದವರಿಗೆ ಬಿಡುಗಡೆಯೇ ಇರಲಿಲ್ಲ. ಜನ ಗಲಾಟೆ ಮಾಡಿದರು. ಹೊಸ ನಿಯಮ ಬಂತು, ಪೂರಾ ಉಲ್ಟಾ. 5 ದಿನದೊಳಗೆ ಬೇಡ ಅನ್ನದಿದ್ದರೆ ಒಪ್ಪಿದ ಹಾಗೆ.

ಈಗ ಯೋಚನೆ ಮಾಡಿ. ಸುಮ್ಮನಿದ್ದರೆ ಹೆಸರು ಹೋಗುತ್ತದೆ. 2005ರ ಜನವರಿ 15, ಶನಿವಾರ. ನ್ಯೂಯಾರ್ಕಿನ ಹಳೆಯ ಇಂಟರ್ನೆಟ್ ಕಂಪನಿ ಪ್ಯಾನಿಕ್ಸ್. ಅವರ ಡಾಟ್ ಕಾಮ್ ರಾತ್ರೋರಾತ್ರಿ ಆಸ್ಟ್ರೇಲಿಯಾದ ರಿಜಿಸ್ಟ್ರಾರ್ ಒಬ್ಬರ ಕೈಗೆ ಹೋಗಿತ್ತು. ಡಿಎನ್ಎಸ್ (ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ತೋರಿಸುವ ದಾಖಲೆ) ಬ್ರಿಟನ್‌ಗೆ, ಗ್ರಾಹಕರ ಮೇಲ್ ಎಲ್ಲ ಕೆನಡಾಕ್ಕೆ. ವಾರಾಂತ್ಯ ಆದ್ದರಿಂದ ಆಸ್ಟ್ರೇಲಿಯಾದಲ್ಲಿ ಫೋನ್ ಎತ್ತುವವರೂ ಇಲ್ಲ. ಸೋಮವಾರ ಅಲ್ಲಿ ಕಚೇರಿ ತೆರೆದ ಮೇಲೆಯೇ ಹೆಸರು ವಾಪಸ್ ಬಂದದ್ದು. ಆಮೇಲೆ ವಿಚಾರಿಸಿದರೆ, ಹೊಸ ಕಡೆಯ ರೀಸೆಲ್ಲರ್ ಒಬ್ಬ ಮಾಲೀಕರ ಒಪ್ಪಿಗೆ ಕೇಳಿಯೇ ಇರಲಿಲ್ಲ. ಐಕ್ಯಾನ್‌ನ ಭದ್ರತಾ ಸಮಿತಿ ಆ ವರ್ಷ ಜುಲೈನಲ್ಲಿ ಡೊಮೈನ್ ಅಪಹರಣದ ಬಗ್ಗೆ ಒಂದು ವರದಿಯನ್ನೇ ತಂದಿತು.

ನೀವು ಕೇಳದೆ ಹಾಕುವ ಲಾಕ್ ಬೇರೂರಿದ್ದು ಆ ಕಾಲದಲ್ಲಿ. ಗಿರಾಕಿಯನ್ನು ಹಿಡಿದಿಡುವ ಆಸೆಯೂ ಅದರಲ್ಲಿ ಸೇರಿಕೊಂಡಿದೆ, ಇಲ್ಲ ಅನ್ನಲ್ಲ. ಆದರೆ ಲಾಕ್ ಇಲ್ಲದ ಡೊಮೈನ್ ನಾನಂತೂ ಇಟ್ಟುಕೊಳ್ಳಲ್ಲ.

ಬನಶಂಕರಿ_ಬಸ್‌ಸ್ಟಾಪ್

ಕಥೆ ಚೆನ್ನಾಗಿದೆ. ಲಾಕ್ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆ 60 ದಿನದ್ದು? ಮೇಲ್ ಐಡಿ ಬದಲಾಯಿಸಿದ್ದಕ್ಕೆ ಎರಡು ತಿಂಗಳು ಜೈಲಾ? ಅದರಿಂದ ಯಾವ ಕಳ್ಳ ಸಿಕ್ಕಿದ್ದಾನೆ?

ಡಲ್ಲಾಸ್_ದೋಸೆ

ಇಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಪರ್ಲ್ ಡಾಟ್ ಕಾಮ್ ಗೊತ್ತಲ್ಲ, ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಹಳೆಯ ತಾಣ. 2021ರ ಜನವರಿ ಕೊನೆಗೆ ಅದು ಕೈತಪ್ಪಿತು. ಎಲ್ಲರೂ ಆವತ್ತು ಕಳವಾಯಿತು ಅಂದುಕೊಂಡರು. ಆಮೇಲೆ ಪರ್ಲ್‌ನವರು ಬರೆದುಕೊಂಡ ಪ್ರಕಾರ ಕೈ ಹಾಕಿದ್ದು 2020ರ ಸೆಪ್ಟೆಂಬರ್‌ನಲ್ಲೇ. ರಿಜಿಸ್ಟ್ರಾರ್‌ನವರನ್ನು ಸುಳ್ಳು ದಾಖಲೆ ತೋರಿಸಿ ಯಾಮಾರಿಸಿದ್ದಾರೆ ಅಂತ ಅವರ ಊಹೆ. ಖಾತೆ ಕೈಗೆ ಬಂದ ಮೇಲೆ ಕಳ್ಳ ಏನೂ ಮಾಡಲಿಲ್ಲ. ನೇಮ್‌ಸರ್ವರ್ (ಡಿಎನ್ಎಸ್ ದಾಖಲೆ ಇಟ್ಟಿರುವ ಸರ್ವರ್) ಮುಟ್ಟಲಿಲ್ಲ, ಸೈಟ್ ಎಂದಿನಂತೆ ನಡೆಯುತ್ತಿತ್ತು. ಡಿಸೆಂಬರ್‌ನಲ್ಲಿ ಬೇರೆ ದೇಶದ ರಿಜಿಸ್ಟ್ರಾರ್‌ಗೆ ಸಾಗಿಸಿದ. ಜನವರಿಯಲ್ಲಿ ಮತ್ತೊಂದಕ್ಕೆ. ಆಗ ನೇಮ್‌ಸರ್ವರ್ ಬದಲಾಯಿಸಿ 1,90,000 ಡಾಲರ್‌ಗೆ ಮಾರಾಟಕ್ಕೆ ಇಟ್ಟ. ಫೆಬ್ರವರಿ ಮೊದಲಲ್ಲಿ ವಾಪಸ್ ಸಿಕ್ಕಿತು.

60 ದಿನದ ತಡೆ ಅವನನ್ನು ನಿಲ್ಲಿಸಲಿಲ್ಲ. ಆದರೆ ನಡುವೆ ಯಾರಾದರೂ ಸ್ಟೇಟಸ್ ನೋಡಿದ್ದರೆ, ಹಳೆಯ ಮೇಲ್‌ಗೆ ಬಂದದ್ದನ್ನು ಓದಿದ್ದರೆ, ಅಷ್ಟು ಸಮಯ ಕೈಯಲ್ಲಿತ್ತು. ತಡೆಯ ಉದ್ದೇಶ ಅಷ್ಟೇ, ಸಮಯ ಕೊಡೋದು.

ಸರ್ವರ್_ಹುಬ್ಬಳ್ಳಿ

ನಾನು ಈ ವಿಷಯದಲ್ಲಿ ಬಸ್‌ಸ್ಟಾಪ್ ಕಡೆ. ಮೇಲ್ ಐಡಿ ಬದಲಾಯಿಸಿದ್ದಕ್ಕೆ 60 ದಿನ ಅತಿಯಾಯಿತು. ಐಕ್ಯಾನ್ ಒಳಗೆ ಈ ನಿಯಮ ಪರಿಶೀಲಿಸಿದ ಗುಂಪೂ ಅದನ್ನೇ ಹೇಳಿದೆ. ಮಾಲೀಕರ ಬದಲಾವಣೆಗೆ ಇರುವ 60 ದಿನದ ತಡೆ ತೆಗೆದುಬಿಡಿ, ಹೊಸದಾಗಿ ಕೊಂಡಾಗ ಮತ್ತು ಟ್ರಾನ್ಸ್‌ಫರ್ ಆದ ಮೇಲೆ ಎಲ್ಲ ರಿಜಿಸ್ಟ್ರಾರ್‌ಗೂ ಒಂದೇ ರೀತಿ 30 ದಿನದ ತಡೆ ಇಡಿ, ಕೋಡ್ 14 ದಿನಕ್ಕೆ ಸತ್ತುಹೋಗಲಿ, ಅಂತ ಶಿಫಾರಸು. ನಿಮ್ಮ ರಿಜಿಸ್ಟ್ರಾರ್ ಈಗ ಯಾವ ಲೆಕ್ಕದಲ್ಲಿ ನಡೆಯುತ್ತಿದ್ದಾರೆ ಅಂತ ಅವರ ಸಹಾಯ ಪುಟದಲ್ಲೇ ನೋಡಿಕೊಳ್ಳಿ. ಹಳೆಯ ಬ್ಲಾಗ್‌ಗಳನ್ನು ನಂಬಬೇಡಿ.

ಪುತ್ತೂರು_ಪೋಡಿ

ನನ್ನದು ಡಾಟ್ ಇನ್. ಅದಕ್ಕೂ ಇದೇ ಶಾಸ್ತ್ರವಾ?

ಸರ್ವರ್_ಹುಬ್ಬಳ್ಳಿ

ಕೆಲಸ ಮಾಡುವ ಬಗೆ ಅದೇ: ಲಾಕ್, ಕೋಡ್, ಟ್ರಾನ್ಸ್‌ಫರ್ ಆದರೆ ಅವಧಿಗೆ ಒಂದು ವರ್ಷ ಸೇರುತ್ತದೆ. ಆದರೆ ಡಾಟ್ ಇನ್ ನಡೆಸುವುದು ನಿಕ್ಸಿ ಅನ್ನುವ ನಮ್ಮ ದೇಶದ ಸಂಸ್ಥೆ. ಐಕ್ಯಾನ್‌ಗೆ ದೂರು ಕೊಟ್ಟರೆ ಅವರು "ನಮ್ಮದಲ್ಲ" ಅನ್ನುತ್ತಾರೆ. ಹೊಸ ರಿಜಿಸ್ಟ್ರಾರ್ ನಿಕ್ಸಿಯ ಮಾನ್ಯತೆ ಇರುವವರಾ ಅಂತ ಮೊದಲೇ ನೋಡಿ. ಕೆವೈಸಿ ಕೇಳುತ್ತಾರೆ, ಆಧಾರ್‌ನಲ್ಲಿ ಇರುವ ಹೆಸರೂ ನೋಂದಣಿ ಹೆಸರೂ ಒಂದೇ ಇದ್ದರೆ ಒಳ್ಳೆಯದು.

ಕನ್ನಡ ಲಿಪಿಯ ಡಾಟ್ ಭಾರತ ತಗೊಂಡವರಿಗೆ ಇನ್ನೊಂದು ಮಾತು. ಅದನ್ನು ಮಾರುವ ರಿಜಿಸ್ಟ್ರಾರ್‌ಗಳೇ ಕಡಿಮೆ. ಲಾಕ್ ತೆಗೆಯುವ ಮುಂಚೆ ಹೊಸಬರು ಅದನ್ನು ತಗೊಳ್ಳುತ್ತಾರಾ ಅಂತ ಕೇಳಿ. ಸುಮ್ನೆ ಅನ್‌ಲಾಕ್ ಮಾಡಿಟ್ಟು ಕೂರಬೇಡಿ.

ಡಲ್ಲಾಸ್_ದೋಸೆ

ಹೊರದೇಶದ ಕನ್ನಡ ಕೂಟಗಳವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಒಂದು ಕೆಲಸ ಮಾಡಿ. ಕೂಟದ ಡೊಮೈನ್ ಯಾರ ಮೇಲ್ ಐಡಿಯಲ್ಲಿದೆ ನೋಡಿ. ಕಮಿಟಿ ಬದಲಾಗುತ್ತಲೇ ಇರುತ್ತದೆ, ಡೊಮೈನ್ ಮಾತ್ರ ಯಾವುದೋ ಕಾಲದ ಖಜಾಂಚಿಯ ಯಾಹೂ ಐಡಿಯಲ್ಲೇ ಇರುತ್ತದೆ. ಅವರು ಆ ಊರು ಬಿಟ್ಟು ಹೋಗಿ, ಪಾಸ್‌ವರ್ಡ್ ಮರೆತು, ಐಡಿಯೂ ಬಂದ್ ಆಗಿರುತ್ತದೆ. ರಾಜ್ಯೋತ್ಸವದ ಟಿಕೆಟ್ ಪುಟ ಹಾಕೋಕೆ ಹೊರಟಾಗಲೇ ಎಲ್ಲರಿಗೂ ಇದು ಗೊತ್ತಾಗುವುದು.

ಮೈಸೂರು_ಮಲ್ಲಿಗೆಬಳ್ಳಿ

ನನ್ನ ಕಥೆ ಬೇರೆ. ಡೊಮೈನ್ ಅವಧಿ ಮುಗಿದೇ ಹೋಗಿದೆ. ಆಟೋ ರಿನ್ಯೂ ಹಾಕಿದ್ದೆ, ಕಾರ್ಡಿನಿಂದ ದುಡ್ಡು ಹೋಗಿಲ್ಲ. ವಿದೇಶಿ ರಿಜಿಸ್ಟ್ರಾರ್. ಈಗ ಅಲ್ಲೇ ರಿನ್ಯೂ ಮಾಡಿ ಆಮೇಲೆ ಟ್ರಾನ್ಸ್‌ಫರ್ ಮಾಡಲಾ, ಅಥವಾ ನೇರ ಟ್ರಾನ್ಸ್‌ಫರ್ ಆಗುತ್ತಾ?

ಸರ್ವರ್_ಹುಬ್ಬಳ್ಳಿ

ಕಾರ್ಡಿನ ತೊಂದರೆ ನಿಮ್ಮೊಬ್ಬರದ್ದಲ್ಲ. 2021ರ ಅಕ್ಟೋಬರ್‌ನಿಂದ ತಾನಾಗಿ ದುಡ್ಡು ಕಡಿಯುವುದಕ್ಕೆ ರಿಸರ್ವ್ ಬ್ಯಾಂಕ್ ಹೊಸ ಶರತ್ತು ಹಾಕಿದೆ, ಮುಂಚೆಯೇ ತಿಳಿಸಬೇಕು, ನೀವು ಒಪ್ಪಿರಬೇಕು. ಆ ವ್ಯವಸ್ಥೆಗೆ ಸೇರದ ವಿದೇಶಿ ಕಂಪನಿಗಳ ಆಟೋ ರಿನ್ಯೂ ನಮ್ಮ ಕಾರ್ಡಿನಲ್ಲಿ ಸುಮ್ಮನೆ ಬಿದ್ದುಹೋಗುತ್ತದೆ. ಆಟೋ ರಿನ್ಯೂ ನಂಬಿ ಕೂರುವ ಕಾಲ ಹೋಯಿತು.

ಇನ್ನು ನಿಮ್ಮ ಪ್ರಶ್ನೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೂ ಸ್ವಲ್ಪ ಕಾಲ ನೇರ ಟ್ರಾನ್ಸ್‌ಫರ್ ಸಾಧ್ಯ. ಮುಗಿದಿದೆ ಅನ್ನುವ ಒಂದೇ ಕಾರಣಕ್ಕೆ ತಡೆಯುವ ಹಾಗಿಲ್ಲ. ಆದರೆ ಎಷ್ಟು ದಿನ ಬಿಡುತ್ತಾರೆ ಅನ್ನುವುದು ರಿಜಿಸ್ಟ್ರಾರ್ ಕೈಯಲ್ಲಿದೆ. ರಿಜಿಸ್ಟ್ರಿ ಕೊಡುವುದು ಹೆಚ್ಚೆಂದರೆ 45 ದಿನ, ಅಷ್ಟೂ ದಿನ ನಿಮಗೆ ಸಿಗುತ್ತದೆ ಅಂತಿಲ್ಲ. ಅವರು ಅಳಿಸಿದರೆ 30 ದಿನ "ರಿಡೆಂಪ್ಷನ್" ಅನ್ನುವ ಸ್ಥಿತಿ. ಆಗ ಟ್ರಾನ್ಸ್‌ಫರ್ ಇಲ್ಲ, ದುಬಾರಿ ದುಡ್ಡು ಕೊಟ್ಟು ಅಲ್ಲೇ ಬಿಡಿಸಿಕೊಳ್ಳಬೇಕು. ಅದೂ ದಾಟಿದರೆ 5 ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಮತ್ತೆ ಒಂದು ಗುಂಡಿ ಇದೆ, ಬೀಳಬೇಡಿ. ಅವಧಿ ಮುಗಿದ ಮೇಲೆ ಹಳೆಯವರ ಹತ್ತಿರ ರಿನ್ಯೂ ಮಾಡಿ, ಆ 45 ದಿನದೊಳಗೇ ಟ್ರಾನ್ಸ್‌ಫರ್ ಮಾಡಿದರೆ ಎರಡು ವರ್ಷ ಸೇರಲ್ಲ, ಒಂದೇ ಸೇರುವುದು. ಹಳೆಯ ರಿನ್ಯೂವಲ್ ರಿಜಿಸ್ಟ್ರಿಯಲ್ಲಿ ರದ್ದಾಗುತ್ತದೆ, ರಿಜಿಸ್ಟ್ರಾರ್‌ಗೆ ಅವನ ದುಡ್ಡು ವಾಪಸ್ ಬರುತ್ತದೆ. ನಿಮಗೆ ಬರುತ್ತದಾ ಅಂದರೆ, ಕೇಳಿ ಪಡೆಯಬೇಕು. ಹಾಗಾಗಿ ಈಗ ಅಪಾಯ ಬೇಡ ಅನ್ನಿಸಿದರೆ ಅಲ್ಲೇ ರಿನ್ಯೂ ಮಾಡಿ, 45 ದಿನ ಕಳೆಯಲಿ, ಆಮೇಲೆ ಹೊರಡಿ.

ಕಾಫಿತೋಟ

ಸುದ್ದಿ ಹೇಳೋಕೆ ಬಂದೆ. ರಿಜಿಸ್ಟ್ರಾರ್‌ಗೆ ಬರೆದೆ. ಗುರುತಿನ ಚೀಟಿ ಕೇಳಿದರು, ಕಳಿಸಿದೆ. ಲಾಕ್ ತೆಗೆದಿದ್ದಾರೆ! ಈಗ ಸ್ಟೇಟಸ್ ಜಾಗದಲ್ಲಿ ಬರೀ "ಓಕೆ" ಅಂತಿದೆ. ಕೋಡ್ ನನ್ನ ಜಿಮೇಲ್‌ಗೇ ಬಂತು. ರಿಲೀಸ್ ಚಾರ್ಜ್ ಮಾತು ಯಾರೂ ಎತ್ತಲಿಲ್ಲ. ಹುಡುಗರು ಫೋನ್ ಮಾಡಿ "ಯಾಕೆ ಮೇಡಂ ಮೇಲಿನವರೆಗೂ ಹೋದಿರಿ" ಅಂತ ಬೇಜಾರು ಮಾಡಿಕೊಂಡರು.

ಆದರೆ ಹೊಸ ಕಡೆ ಕೋಡ್ ಹಾಕಿದರೆ "ತಪ್ಪು ಕೋಡ್" ಅನ್ನುತ್ತಿದೆ.

ಸರ್ವರ್_ಹುಬ್ಬಳ್ಳಿ

ಮೇಲ್‌ನಿಂದ ಕಾಪಿ ಮಾಡುವಾಗ ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿರುತ್ತದೆ. ವಾಕ್ಯದ ಕೊನೆಯ ಚುಕ್ಕಿ ಕೂಡ ಕೋಡಿನ ಭಾಗ ಅಂತ ಕೆಲವರು ಅಂಟಿಸುತ್ತಾರೆ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಲೆಕ್ಕ. ಮೊದಲು ನೋಟ್‌ಪ್ಯಾಡ್‌ಗೆ ಹಾಕಿ, ತಲೆ ಬಾಲ ಕತ್ತರಿಸಿ, ಆಮೇಲೆ ಹಾಕಿ.

ತಾಳಿ, ಕಳಿಸುವ ಮುಂಚೆ ಒಂದು ಕೇಳುತ್ತೇನೆ. ನಿಮ್ಮ ಡಿಎನ್ಎಸ್ ಯಾರ ಹತ್ತಿರ ಇದೆ? ಆ ಲುಕಪ್ ಪುಟದಲ್ಲಿ ನೇಮ್‌ಸರ್ವರ್ ಅಂತ ಎರಡು ಹೆಸರು ಇರುತ್ತದೆ.

ಕಾಫಿತೋಟ

ಅದೂ ಆ ಹಳೆಯ ರಿಜಿಸ್ಟ್ರಾರ್‌ದೇ ಸರ್. ಯಾಕೆ? ಆರ್ಡರ್ ಎಲ್ಲ ಆ ಡೊಮೈನ್ ಮೇಲ್‌ಗೇ ಬರುವುದು.

ಸರ್ವರ್_ಹುಬ್ಬಳ್ಳಿ

ಹಾಗಾದರೆ ನಿಲ್ಲಿಸಿ. ಟ್ರಾನ್ಸ್‌ಫರ್ ಆದರೆ ರಿಜಿಸ್ಟ್ರಿಯಲ್ಲಿ ನೇಮ್‌ಸರ್ವರ್ ಹೆಸರು ಬದಲಾಗಲ್ಲ, ಅದು ಹಾಗೇ ಹಳೆಯವರ ಕಡೆ ತೋರಿಸುತ್ತಿರುತ್ತದೆ. ಆದರೆ ಡೊಮೈನ್ ಹೋಯಿತು ಅಂತ ಹಳೆಯವರು ತಮ್ಮ ಡಿಎನ್ಎಸ್‌ನಿಂದ ನಿಮ್ಮ ದಾಖಲೆ ಅಳಿಸಬಹುದು. ಅಳಿಸಿದ ಕ್ಷಣ ಸೈಟೂ ಇಲ್ಲ, ಮೇಲೂ ಇಲ್ಲ.

ಅದಕ್ಕೆ ಮೊದಲು ಹೊಸ ಕಡೆ ಅಥವಾ ಬೇರೆ ಯಾವುದಾದರೂ ಡಿಎನ್ಎಸ್ ಸೇವೆಯಲ್ಲಿ ಎಲ್ಲ ದಾಖಲೆ ನಕಲು ಮಾಡಿ. ಸೈಟಿನ ಎ ರೆಕಾರ್ಡ್ (ಸೈಟ್ ಯಾವ ಸರ್ವರ್‌ನಲ್ಲಿದೆ ಅನ್ನುವ ಸಾಲು) ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮರೆಯುವುದು ಮೇಲ್‌ನದ್ದು. ಎಂಎಕ್ಸ್ (ಮೇಲ್ ಎಲ್ಲಿಗೆ ಬರಬೇಕು ಅನ್ನುವ ಸಾಲು), ಎಸ್‌ಪಿಎಫ್ ಇರುವ ಟೆಕ್ಸ್ಟ್ ಸಾಲು, ಡಿಕಿಮ್ ಸಾಲು (ಇವೆರಡೂ ಮೇಲ್ ನಿಮ್ಮದೇ ಅಂತ ತೋರಿಸುವಂಥವು), ಒಂದೂ ಬಿಡಬೇಡಿ. ಡಿಕಿಮ್ ಸಾಲು ಉದ್ದ ಇರುತ್ತದೆ, ಅರ್ಧಕ್ಕೆ ಕಡಿದು ಅಂಟಿಸಿದರೆ ನಿಮ್ಮ ಮೇಲ್ ಗಿರಾಕಿಗಳ ಸ್ಪ್ಯಾಮ್‌ಗೆ ಹೋಗುತ್ತದೆ. ನಂತರ ನೇಮ್‌ಸರ್ವರ್ ಬದಲಾಯಿಸಿ, ಎರಡು ದಿನ ಬಿಡಿ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಮಾಹಿತಿ 48 ಗಂಟೆ ಜನರ ಕಡೆ ನೆನಪಿನಲ್ಲಿ ಉಳಿಯುತ್ತದೆ. ಟೆಸ್ಟ್ ಮೇಲ್ ಕಳಿಸಿ, ತರಿಸಿ, ಆಮೇಲೆ ಕೋಡ್ ಹಾಕಿ.

ಡಿಎನ್ಎಸ್‌ಸೆಕ್ (ಡಿಎನ್ಎಸ್ ಉತ್ತರ ಅಸಲಿಯಾ ಅಂತ ಪರೀಕ್ಷಿಸುವ ಬೀಗ) ಆನ್ ಇದ್ದರೆ ನೇಮ್‌ಸರ್ವರ್ ಬದಲಾಯಿಸುವ ಮುಂಚೆಯೇ ಆಫ್ ಮಾಡಿ ಒಂದು ದಿನಕ್ಕಿಂತ ಜಾಸ್ತಿ ಕಾಯಿರಿ. ಇಲ್ಲದಿದ್ದರೆ ಹಳೆಯ ಬೀಗದ ಗುರುತು ರಿಜಿಸ್ಟ್ರಿಯಲ್ಲಿ ಉಳಿದು, ಅದನ್ನು ಪರೀಕ್ಷಿಸುವ ಕಡೆಗಳಲ್ಲಿ ನಿಮ್ಮ ಸೈಟ್ ತೆರೆಯುವುದೇ ಇಲ್ಲ. ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಕಾಣಲ್ಲ. ಇದನ್ನು ಹುಡುಕುವುದು ದೊಡ್ಡ ತಲೆನೋವು.

ಪುತ್ತೂರು_ಪೋಡಿ

ಅಕ್ಕ, ಸೈಟ್ ಇರುವುದು ಆ ಹುಡುಗರ ಸರ್ವರ್‌ನಲ್ಲೇ ಅಲ್ವಾ? ಡೊಮೈನ್ ತಗೊಂಡು ಹೋದರೆ ಸೈಟ್ ಬರುವುದಿಲ್ಲ ಮತ್ತೆ. ಒಂದು ಬ್ಯಾಕಪ್ ಇಸ್ಕೊಳ್ಳಿ, ಬೇಜಾರಲ್ಲಿದ್ದಾರೆ ಬೇರೆ. ಅಂದಹಾಗೆ ಪುಡಿಯಲ್ಲಿ ಚಿಕೋರಿ ಎಷ್ಟು ಹಾಕ್ತೀರಿ?

ಕಾಫಿತೋಟ

ಬ್ಯಾಕಪ್ ತಗೊಂಡೆ ತಮ್ಮಾ. ಹೋಸ್ಟಿಂಗ್ ದುಡ್ಡೂ ಈ ತಿಂಗಳವರೆಗೆ ಕಟ್ಟಿದ್ದೇನೆ, ನಮಗೂ ಮಾತು ಬೇಡ. ಚಿಕೋರಿ ಕೇಳಿದಷ್ಟು, ಕೇಳದಿದ್ದರೆ ಇಲ್ಲ.

ಸರ್, ನೀವು ಹೇಳಿದ ಹಾಗೆ ಡಿಎನ್ಎಸ್ ಸರಿಸಿದೆ. ಮೇಲ್ ಹೋಗುತ್ತಿದೆ, ಬರುತ್ತಿದೆ. ಕೋಡ್ ಈಗ ಹಿಡಿಯಿತು, ಖಾಲಿ ಜಾಗವೇ ಸೇರಿತ್ತು. ಸ್ಟೇಟಸ್ "ಪೆಂಡಿಂಗ್ ಟ್ರಾನ್ಸ್‌ಫರ್". ಆದರೆ ಹಳೆಯ ರಿಜಿಸ್ಟ್ರಾರ್‌ನಿಂದ ಒಂದು ಮೇಲ್ ಬಂದಿದೆ. "ಟ್ರಾನ್ಸ್‌ಫರ್ ಅರ್ಜಿ ಬಂದಿದೆ, ಬೇಡದಿದ್ದರೆ ಈ ಕೊಂಡಿ ಒತ್ತಿ" ಅಂತ. ಬೇಕು ಅನ್ನೋಕೆ ಯಾವುದನ್ನು ಒತ್ತಬೇಕು? ಕಾಣುತ್ತಿಲ್ಲ.

ಡಲ್ಲಾಸ್_ದೋಸೆ

ಯಾವುದನ್ನೂ ಒತ್ತಬೇಡಿ! ನಾನು ಮೇಲೆ ಬರೆದ 2004ರ ನಿಯಮ ಇದೇ. ಸುಮ್ಮನಿದ್ದರೆ 5 ದಿನಕ್ಕೆ ತಾನಾಗಿ ಹೋಗುತ್ತದೆ. ಕೆಲವು ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ "ಈಗಲೇ ಒಪ್ಪಿ" ಅಂತ ಇರುತ್ತದೆ, ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಆಗುತ್ತದೆ. ನಿಮಗೆ ಪ್ಯಾನೆಲ್ ಇಲ್ಲ, ಕಾಯಿರಿ.

ಬನಶಂಕರಿ_ಬಸ್‌ಸ್ಟಾಪ್

ನೋಡಿ, ಬರೆಯುವ ರೀತಿಯಲ್ಲೇ ಹೆದರಿಸುತ್ತಾರೆ. ಬೇಡ ಅನ್ನುವ ಕೊಂಡಿ ದಪ್ಪಕ್ಷರದಲ್ಲಿ, ಏನೂ ಮಾಡಬೇಕಿಲ್ಲ ಅನ್ನುವುದು ಎಲ್ಲೋ ಕೆಳಗೆ.

ಕಾಫಿತೋಟ

ಆಯ್ತು! ಹೊಸ ಖಾತೆಯಲ್ಲಿ ಕಾಣುತ್ತಿದೆ, ಅವಧಿ ಒಂದು ವರ್ಷ ಮುಂದೆ ಹೋಗಿದೆ. ಅಲ್ಲಿ ಲಾಕ್ ಆಫ್ ಅಂತಿತ್ತು, ನಾನೇ ಆನ್ ಮಾಡಿದೆ. ಎರಡು ಹಂತದ ಲಾಗಿನ್ ಕೂಡ ಹಾಕಿದೆ. ಇನ್ನು 60 ದಿನ ಏನೂ ಮುಟ್ಟುವ ಹಾಗಿಲ್ಲವಾ?

ಸರ್ವರ್_ಹುಬ್ಬಳ್ಳಿ

ಟ್ರಾನ್ಸ್‌ಫರ್ ಆದ ಮೇಲಿನ 60 ದಿನ ಮತ್ತೊಂದು ರಿಜಿಸ್ಟ್ರಾರ್‌ಗೆ ಹೋಗೋಕೆ ಮಾತ್ರ ಅವರು ತಡೆಯಬಹುದು. ಉಳಿದದ್ದೆಲ್ಲ ಮಾಡಬಹುದು. ನೇಮ್‌ಸರ್ವರ್ ಬದಲಾಯಿಸಿ, ರಿನ್ಯೂ ಮಾಡಿ, ಆ ಪಿನ್ ಕೋಡ್ ತಿದ್ದಿ.

ಬನಶಂಕರಿ_ಬಸ್‌ಸ್ಟಾಪ್

ಇಷ್ಟೆಲ್ಲ ಓದಿ ನನ್ನ ಡೊಮೈನ್ ನೋಡಿದೆ. ಲಾಕ್ ಇದೆ. ಆದರೆ ಮಾಲೀಕರ ಮೇಲ್ ನನ್ನ ಹಿಂದಿನ ಆಫೀಸಿನದ್ದು. ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಪ್ಯಾನೆಲ್ ಪಾಸ್‌ವರ್ಡ್ ಮಾತ್ರ ಇದೆ. ಬದಲಾಯಿಸಿದರೆ ನಿಮ್ಮ 60 ದಿನ ಬೀಳುತ್ತದೆ ಅಲ್ವಾ?

ಸರ್ವರ್_ಹುಬ್ಬಳ್ಳಿ

ಈಗ ಟ್ರಾನ್ಸ್‌ಫರ್ ಮಾಡುವ ಯೋಚನೆ ಇಲ್ಲದಿದ್ದರೆ 60 ದಿನ ಬಿದ್ದರೆ ಬೀಳಲಿ, ಇವತ್ತೇ ಬದಲಾಯಿಸಿ. ಪಾಸ್‌ವರ್ಡ್ ಮರೆತ ದಿನ ರೀಸೆಟ್ ಕೊಂಡಿ ಆ ಆಫೀಸಿನ ಮೇಲ್‌ಗೆ ಹೋಗುತ್ತದೆ, ಅಲ್ಲಿ ಈಗ ಯಾರು ಕೂತಿದ್ದಾರೋ. ಹೊರಡುವ ಯೋಚನೆ ಇದ್ದರೆ, ಬದಲಾಯಿಸುವ ಫಾರ್ಮಿನಲ್ಲೇ "60 ದಿನದ ಲಾಕ್ ಬೇಡ" ಅಂತ ಒಂದು ಟಿಕ್ ಇದೆಯಾ ನೋಡಿ. ಎಲ್ಲರೂ ಕೊಡಲ್ಲ. ಕೊಟ್ಟರೆ ಸೇವ್ ಮಾಡುವ ಮುಂಚೆಯೇ ಹಾಕಬೇಕು, ಆಮೇಲೆ ಕೇಳಿದರೆ ಆಗಲ್ಲ.

ದೃಢೀಕರಣ ಮೇಲ್ ಹಳೆಯ ಐಡಿಗೂ ಹೋಗಬಹುದು. ಅಲ್ಲಿ ಒತ್ತುವವರಿಲ್ಲದಿದ್ದರೆ ಬದಲಾವಣೆ ನಿಂತುಬಿಡುತ್ತದೆ. ಹಾಗಾದರೆ ಸಪೋರ್ಟ್‌ಗೆ ಬರೆಯಿರಿ, ಗುರುತಿನ ಚೀಟಿ ಮತ್ತೆ ನೀವು ದುಡ್ಡು ಕಟ್ಟಿದ ಬಿಲ್ ಕೇಳುತ್ತಾರೆ. ಬಿಲ್ ಆ ಆಫೀಸಿನ ಹೆಸರಲ್ಲಿ ಇಲ್ಲ ತಾನೇ?

ಬನಶಂಕರಿ_ಬಸ್‌ಸ್ಟಾಪ್

ನನ್ನ ಹೆಸರಲ್ಲೇ ಇದೆ. ಟಿಕ್ ಕೂಡ ಇದೆ, ಹಾಕಿದೆ. ಹಳೆಯ ಆಫೀಸಿನ ಸಿಸ್ಟಮ್ ಅಡ್ಮಿನ್ ಪರಿಚಯದವನೇ, ಕೊಂಡಿ ಒತ್ತು ಅಂತ ಅವನಿಗೆ ಫೋನ್ ಮಾಡುತ್ತಿದ್ದೇನೆ. ಊಟಕ್ಕೆ ಹೋಗಿದ್ದಾನಂತೆ.